ನಲವತ್ತೆರಡು ಖಾಲಿ ಚೀಲ

ನಾನು ಒಬ್ಬ ಮನುಷ್ಯನ ಕಿವಿ ಒಡೆದದ್ದು ನಲವತ್ತೆರಡು ಖಾಲಿ ಸಿಮೆಂಟ್ ಚೀಲಗಳಿಗಾಗಿ. ಬಲಗೈಯಿಂದ ಒಡೆದೆ, ಅದೇ ಕೈಯಿಂದ ಈಗ ಇದನ್ನು ಬರೆಯುತ್ತಿದ್ದೇನೆ. ಬರೆದರೆ ಮನಸ್ಸು ಹಗುರಾಗುತ್ತದೆ ಎನ್ನುವವರಿದ್ದಾರೆ. ನನಗೆ ಹಗುರಾಗುವುದು ಬೇಕಾಗಿಲ್ಲ. ನಡೆದದ್ದು ನಡೆದ ಹಾಗೆ ಒಂದು ಕಡೆ ಇರಲಿ, ಅಷ್ಟೇ.

ಕಟ್ಟಡದ ಕೆಲಸದಲ್ಲಿ ಖರ್ಚು ಕಾಯುವುದು ನನ್ನ ಉದ್ಯೋಗ. ಓದಿದ್ದು ಇಂಜಿನಿಯರಿಂಗೇ, ಆದರೆ ಇಪ್ಪತ್ತೈದು ವರ್ಷಗಳಲ್ಲಿ ಒಂದು ಗೋಡೆಯನ್ನೂ ನಿಂತು ಕಟ್ಟಿಸಿದವನಲ್ಲ. ಕೆಲಸ ಶುರುವಾಗುವ ಮೊದಲು ಎಷ್ಟು ಸಿಮೆಂಟ್, ಎಷ್ಟು ಕಬ್ಬಿಣ, ಎಷ್ಟು ಕೂಲಿ ಬೇಕೆಂದು ಅಂದಾಜು ಹಾಕುತ್ತೇನೆ. ಶುರುವಾದ ಮೇಲೆ ವಾರವಾರವೂ ಆಗಬೇಕಿದ್ದದ್ದನ್ನೂ ಆದದ್ದನ್ನೂ ಪಕ್ಕ ಪಕ್ಕ ಇಟ್ಟು ನೋಡುತ್ತೇನೆ. ಹೆಚ್ಚಾದ ಕಡೆ ಕತ್ತರಿಸುತ್ತೇನೆ. ನಾಶಿಕದ ಸೈಟುಗಳಲ್ಲಿ ನನ್ನನ್ನು ‘ಕಾತ್ರಿ ಸಾಹೇಬ’ ಎನ್ನುತ್ತಿದ್ದರು. ಮರಾಠಿಯ ಕಾತ್ರಿ ನಮ್ಮ ಕತ್ತರಿಯೇ. ಅವರು ಅದನ್ನು ಬೈಗುಳವೆಂದು ಕೊಟ್ಟರು, ನಾನು ಬಿರುದೆಂದು ಇಟ್ಟುಕೊಂಡೆ.

ಅಪ್ಪ ಬಾಗಲಕೋಟೆ ಕಡೆಯಿಂದ ನಾಶಿಕದ ಪಕ್ಕದ ಓಝರ್‌ನ ವಿಮಾನ ಕಾರ್ಖಾನೆಗೆ ಕೆಲಸಕ್ಕೆ ಬಂದವರು. ಅಳತೆಯ ಮನುಷ್ಯ. ಮನೆಯಲ್ಲಿ ಒಂದು ಉಕ್ಕಿನ ಸ್ಕೇಲ್ ಇರುತ್ತಿತ್ತು. ಹಾಲು ಚೆಲ್ಲಿದರೆ ಅಂಗೈಗೆ ಎರಡು ಏಟು, ಪೆನ್ಸಿಲ್ ಕಳೆದರೆ ನಾಲ್ಕು. ಹೊಡೆಯುವಾಗ ಅವರು ಬೈಯುತ್ತಿರಲಿಲ್ಲ. “ಎಣಸು” ಎನ್ನುತ್ತಿದ್ದರು. ಹೊಡೆಯುವವರು ಅವರು, ಎಣಿಸುವವನು ನಾನು. ಅಳುತ್ತಾ ಎಣಿಸಿದರೆ ಮೊದಲಿನಿಂದ ಶುರು. ಎಣಿಕೆ ಮುಗಿದ ಮೇಲೆ ಅವ್ವ ನನ್ನ ಕೈಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದಳು, ಅಪ್ಪ ಪೇಪರ್ ಓದುತ್ತಿದ್ದರು. ನಾನು ಯಾರ ಮಗ ಎಂಬುದು ತಿಳಿದಿರಲಿ ಎಂದು ಇದನ್ನು ಹೇಳಿದೆ.

ಆ ವರ್ಷ ನನ್ನನ್ನು ಛತ್ರಪತಿ ಸಂಭಾಜಿನಗರದ ಹತ್ತಿರ ಬಿಡಕಿನ್‌ಗೆ ಹಾಕಿದ್ದರು. ಅಲ್ಲಿ ಒಂದು ಹೊಸ ಕಾರ್ಖಾನೆ ಎದ್ದೇಳುತ್ತಿತ್ತು. ವಾರವಿಡೀ ಸಂಭಾಜಿನಗರದಲ್ಲಿ ಬಾಡಿಗೆ ಕೋಣೆ, ಶನಿವಾರ ಸಂಜೆ ಯೇವಲಾ ಮೇಲೆ ಹಾಯುವ ಬಸ್ಸು ಹಿಡಿದು ನಾಶಿಕದ ಮನೆ, ಸೋಮವಾರ ಬೆಳಕು ಹರಿಯುವ ಮೊದಲೇ ಮತ್ತೆ ಬಸ್ಸು. ನಿದ್ದೆ ಅರ್ಧ, ಸಿಟ್ಟು ದುಪ್ಪಟ್ಟು.

ಸೈಟು ಎಂದರೆ ಬೆಳಗಿನಿಂದ ಸಂಜೆಯವರೆಗೆ ಏಟು. ಕಬ್ಬಿಣದ ಮೇಲೆ ಸುತ್ತಿಗೆ, ಕಲ್ಲಿನ ಮೇಲೆ ಹಾರೆ. ನಾನು ಅಲ್ಲಿಗೆ ಹೋದ ಮೊದಲ ವಾರವೇ ಪರೀಕ್ಷೆಯಲ್ಲಿ ಸೋತ ಒಂದು ಕಂಬವನ್ನು ಯಂತ್ರ ಹಚ್ಚಿ ಒಡೆಸಿದರು. ಎರಡು ದಿನ ಅದರ ಸದ್ದಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ಅದರ ಮುಂದಿನ ವಾರ ಊರಿನ ಮರಳು ಸರಬರಾಜಿನವನ ಕಡೆಯ ನಾಲ್ವರು, ಹೊರಗಿನಿಂದ ಮರಳು ತಂದ ಟಿಪ್ಪರ್ ಚಾಲಕನನ್ನು ಗೇಟಿನಲ್ಲೇ ಕೆಳಗೆಳೆದು, ಬೆಲ್ಟು ಬಿಚ್ಚಿ ಹೊಡೆದರು. ಅವನು ಚಕ್ರದ ಕೆಳಗೆ ತೂರಿಕೊಂಡ. ಕಾಲು ಹಿಡಿದು ಎಳೆದು ಮತ್ತೆ ಹೊಡೆದರು. ಹೊರಗಿನ ಮರಳು ತರಿಸಿದವನು ನಾನು. ಅದು ಅಗ್ಗ ಬಿದ್ದಿತ್ತು. ನಾನು ಆಫೀಸಿನ ಕಿಟಕಿ ಮುಚ್ಚಿದೆ. ಮರುದಿನ ಊರಿನವನ ಮರಳನ್ನೇ ತರಿಸಿ, ದರದ ವ್ಯತ್ಯಾಸವನ್ನು ನೀಟಾಗಿ ಬರೆದಿಟ್ಟೆ.

ನಾನು ಕಿವಿ ಒಡೆದ ಮನುಷ್ಯ ಅಲ್ಲಿನ ಗಿಲಾವಿನ ತಂಡದ ಮುಕಾದಮ್. ಗಿಲಾವು ಎಂದರೆ ಗೋಡೆಗೆ ಮೆತ್ತುವ ಗಾರೆ. ಮುಕಾದಮ್ ಎಂದರೆ ಕೂಲಿಯವರನ್ನು ಊರಿನಿಂದ ಕರೆತಂದು ಕೆಲಸ ಮಾಡಿಸುವವನು. ಸಿಂದಗಿ ಕಡೆಯವನು, ಐವತ್ತೈದು ದಾಟಿದವನು, ತಲೆಗೆ ಯಾವಾಗಲೂ ಒಂದು ಟವೆಲ್. ಅವನ ಕೆಳಗೆ ಮೂವತ್ತು ಜನ, ಅವರಲ್ಲಿ ಹನ್ನೆರಡು ಹೆಂಗಸರು. ಮೊದಲ ದಿನ ನಾನು ಫೋನಿನಲ್ಲಿ ಮನೆಯವಳ ಜೊತೆ ಮಾತಾಡುವುದನ್ನು ಕೇಳಿ ಹತ್ತಿರ ಬಂದು ನಿಂತ.

“ಸಾಹೇಬ್ರ, ನೀವು ನಮ್ಮ ಕಡೆಯವ್ರ ಏನ್ರಿ? ಮಾತಿನ್ಯಾಗ ಗೊತ್ತಾತು.”

“ಹೂಂ” ಅಂದೆ. ಅಷ್ಟು ಸಲಿಗೆ ಸಾಕು ಎಂಬಂತೆ.

ಅವನು ಅಷ್ಟಕ್ಕೇ ಖುಷಿಪಟ್ಟ. ಒಂದು ವಾರ ಬಿಟ್ಟು ಮತ್ತೆ ಬಂದ. “ಹೆಣಮಕ್ಕಳಿಗೆ ಜಳಕಕ್ಕ ಒಂದು ಮರೆ ಇಲ್ರಿ ಸಾಹೇಬ್ರ. ತಗಡು ಕೊಡಸ್ರಿ, ನಾವ ಕಟ್ಕೋತೀವಿ.”

“ನೋಡೋಣ” ಅಂದೆ. ನಾನು ನೋಡೋಣ ಅಂದದ್ದನ್ನು ಎಂದೂ ನೋಡಿದವನಲ್ಲ. ಕೂಲಿಯವರ ಬಿಡಾರದ ಅಂದಾಜಿನಲ್ಲಿ ಹೆಂಗಸರ ಸ್ನಾನಕ್ಕೆ ತಗಡಿನ ಕೋಣೆ ಎಂದು ಒಂದು ಸಾಲು ಇತ್ತು. ಆರು ತಿಂಗಳಿಗೆ ಕಿತ್ತು ಹಾಕುವ ಬಿಡಾರಕ್ಕೆ ಇದೊಂದು ದಂಡ ಎಂದು ಅದರ ಮೇಲೆ ಗೆರೆ ಎಳೆದವನು ನಾನೇ. ಆ ಗೆರೆಗೆ ಮೇಲಿನವರಿಂದ ಶಾಬಾಸ್ ಸಿಕ್ಕಿತ್ತು.

ಇನ್ನು ಚೀಲದ ವಿಷಯ. ದೊಡ್ಡ ಕಾಂಕ್ರೀಟೆಲ್ಲ ಈಗ ಲಾರಿಯಲ್ಲಿ ಕಲಸಿಕೊಂಡೇ ಬರುತ್ತದೆ. ಆದರೆ ಇಟ್ಟಿಗೆ ಕೆಲಸಕ್ಕೆ, ಗಿಲಾವಿಗೆ ಇನ್ನೂ ಚೀಲದ ಸಿಮೆಂಟೇ. ಚೀಲವನ್ನು ಕದಿಯುವುದು ಸುಲಭ. ಅದಕ್ಕೆ ಸೈಟುಗಳಲ್ಲಿ ಒಂದು ಪದ್ಧತಿ ಇದೆ: ಖಾಲಿ ಚೀಲ ಕೊಟ್ಟವನಿಗೆ ಮಾತ್ರ ತುಂಬಿದ ಚೀಲ. ನಿನ್ನೆ ಮೂವತ್ತು ಒಯ್ದವನು ಇಂದು ಮೂವತ್ತು ಖಾಲಿ ತಂದು ಸ್ಟೋರಿನ ಮುಂದೆ ಹಾಕಬೇಕು. ತುಂಬಿದ ಚೀಲ ಗೇಟು ದಾಟಿ ಹೋದರೆ ಅದರ ಖಾಲಿ ವಾಪಸು ಬರುವುದಿಲ್ಲ, ಕಳ್ಳ ತಾನಾಗಿ ಸಿಕ್ಕಿಬೀಳುತ್ತಾನೆ. ನಾಶಿಕದ ಒಂದು ಸೈಟಿನಲ್ಲಿ ಹೀಗೆಯೇ ಎಣಿಸಿ ಒಬ್ಬನನ್ನು ಹಿಡಿದಿದ್ದೆ. ಅಂದಿನಿಂದ ಖಾಲಿ ಚೀಲದ ಮೇಲೆ ನನಗೆ ದೇವರಿಗಿಂತ ಹೆಚ್ಚು ನಂಬಿಕೆ.

ಬಿಡಕಿನ್‌ನಲ್ಲಿ ಸಿಮೆಂಟ್ ಏರತೊಡಗಿತು. ಗಿಲಾವು ಅರ್ಧವಾಗುವಷ್ಟರಲ್ಲಿ ನಾನು ಹಾಕಿದ ಅಂದಾಜಿಗಿಂತ ಮುನ್ನೂರು ಚೀಲ ಹೆಚ್ಚು ಖರ್ಚಾಗಿತ್ತು. ಶನಿವಾರದ ಮೀಟಿಂಗಿನಲ್ಲಿ ಪ್ರಾಜೆಕ್ಟಿನ ಮುಖ್ಯಸ್ಥ ನನ್ನ ಹಾಳೆಗಳನ್ನು ನೋಡಿದ, ಹರಿದ, ಮುಖದ ಮೇಲೆ ಎಸೆದ. ಮೇಜಿನ ಮೇಲಿದ್ದ ಉಕ್ಕಿನ ಅಳತೆ ಟೇಪು ತೆಗೆದು ಬೀಸಿದ. ಅದು ನನ್ನ ಕಿವಿಯ ಪಕ್ಕದಲ್ಲೇ ಹಾದು ಗೋಡೆಗೆ ಬಡಿದು ಒಡೆಯಿತು. ಹತ್ತು ಜನ ಕೂತಿದ್ದರು.

“ಸೋಮವಾರ್‌ಪರ್ಯಂತ ಮಲಾ ಚೋರ್ ಪಾಹಿಜೆ” ಅಂದ. ಸೋಮವಾರದೊಳಗೆ ಕಳ್ಳ ಬೇಕು. ಸಿಗದಿದ್ದರೆ ನಾನು ಗಂಟುಮೂಟೆ ಕಟ್ಟಬೇಕು. ಅವನು ಕಾರಣ ಬೇಕು ಅನ್ನಲಿಲ್ಲ, ಕಳ್ಳ ಬೇಕು ಅಂದ. ಆ ವ್ಯತ್ಯಾಸ ನನಗೆ ಆಗ ಹೊಳೆಯಲಿಲ್ಲ. ಹೊಳೆದಿದ್ದರೂ ಬಾಯಿ ತೆರೆಯುವ ಧೈರ್ಯ ಇರಲಿಲ್ಲ.

ಆ ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಮಗಳ ಕೈ ತಾಗಿ ನೀರಿನ ಲೋಟ ಉರುಳಿತು. ನನ್ನ ಕೈ ತಾನಾಗಿ ಮೇಲೆದ್ದಿತು. ಅವಳು ನಾಶಿಕದಲ್ಲೇ ಹುಟ್ಟಿ ಬೆಳೆದವಳು, ಕನ್ನಡ ತಿಳಿಯುತ್ತದೆ, ಬಾಯಲ್ಲಿ ಬರುವುದು ಮರಾಠಿ. “ಪಪ್ಪಾ, ನಕೋ”, ಬೇಡ ಎಂದು ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡಳು. ಹದಿನಾರು ವರ್ಷದ ಹುಡುಗಿ ಹಾಗೆ ತಲೆ ಮುಚ್ಚಿಕೊಳ್ಳಬೇಕಾದರೆ ಅದು ಮೊದಲ ಸಲವಲ್ಲ ಎಂದು ಓದುವವರಿಗೆ ಗೊತ್ತಾಗುತ್ತದೆ. ಕೈ ಇಳಿಸಿದೆ.

“ಆ ಕೈ ಸೈಟಿನ್ಯಾಗ ಬಿಟ್ಟ ಬರ್ರಿ” ಅಂದಳು ಹೆಂಡತಿ, ನೆಲ ಒರೆಸುತ್ತಾ. ನಾನು ಬಿಡಲಿಲ್ಲ. ಸೋಮವಾರದ ಬಸ್ಸಿನಲ್ಲಿ ಅದು ನನ್ನ ತೊಡೆಯ ಮೇಲೆ ಮುಷ್ಟಿ ಕಟ್ಟಿಕೊಂಡೇ ಬಂತು.

ಸೋಮವಾರ ಒಂಬತ್ತಕ್ಕೆ ಸ್ಟೋರಿನ ಪುಸ್ತಕ ತೆರೆಸಿದೆ. ಸ್ಟೋರಿನವನು ಬೆವರುತ್ತಾ ನಿಂತಿದ್ದ. ಗಿಲಾವಿನ ತಂಡ ಎರಡು ವಾರದಿಂದ ದಿನಕ್ಕೆ ಮೂರು ನಾಲ್ಕು ಖಾಲಿ ಚೀಲ ಕಡಿಮೆ ತರುತ್ತಿತ್ತು. ಇವನು ‘ಹರಿದವು’ ಎಂದು ಬರೆದುಕೊಂಡು ಸುಮ್ಮನಾಗಿದ್ದ. ಕೂಡಿಸಿದೆ. ನಲವತ್ತೆರಡು. ಮುನ್ನೂರಕ್ಕೂ ನಲವತ್ತೆರಡಕ್ಕೂ ಬಹಳ ದೂರ, ಅದು ನನಗೆ ಕಾಣಲಿಲ್ಲವೆಂದಲ್ಲ. ಬಾಲ ಸಿಕ್ಕಿದೆ, ಎಳೆದರೆ ಹಾವು ಬರುತ್ತದೆ ಅಂದುಕೊಂಡೆ. ಎದೆಯಲ್ಲಿ ಏನೋ ಕುಣಿಯಿತು. ಸಂತೋಷ ಅಂದರೂ ತಪ್ಪಾಗಲಾರದು.

ಮುಕಾದಮ್‌ನನ್ನು ಕರೆಸಿದೆ. ಗೇಟಿನ ಇಬ್ಬರು ಕಾವಲುಗಾರರನ್ನೂ ಕರೆಸಿದೆ. ದೊಣ್ಣೆ ಹಿಡಿದು ಅವರು ಅವನ ಆಚೆಗೊಬ್ಬ ಈಚೆಗೊಬ್ಬ ನಿಂತರು. ಕೆಲಸ ಬಿಟ್ಟು ಇಪ್ಪತ್ತು ಮೂವತ್ತು ಜನ ಸುತ್ತ ಸೇರಿದರು.

“ನಲವತ್ತೆರಡು ಚೀಲ. ಎಲ್ಲಿ ಹೋದ್ವು?”

“ಹರದ್ವರಿ, ಸಾಹೇಬ್ರ.”

“ಹರದದ್ದ ತಂದ ತೋರ್ಸು.”

ಅವನು ನೆಲ ನೋಡಿದ. “ಅದಾವ್ರಿ” ಅಂದ.

“ಎಲ್ಲದಾವು?”

ಅವನು ಮೊದಲು ಬಲಗಡೆಯ ಕಾವಲುಗಾರನನ್ನು ನೋಡಿದ, ಆಮೇಲೆ ಎಡಗಡೆಯವನನ್ನು. ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. ಒಂದು ಹೆಜ್ಜೆ ಮುಂದೆ ಬಂದು, ನನಗಷ್ಟೇ ಕೇಳುವ ಹಾಗೆ ಹೇಳಿದ: “ಸಾಹೇಬ್ರ, ನೀವೊಬ್ರ ಬರ್ರಿ, ತೋರಸ್ತೀನಿ. ಇವ್ರು ಬ್ಯಾಡ್ರಿ.”

ಇಪ್ಪತ್ತೈದು ವರ್ಷಗಳಲ್ಲಿ ಎಷ್ಟು ಗುತ್ತಿಗೆದಾರರು, ಎಷ್ಟು ಸರಬರಾಜಿನವರು ನನ್ನನ್ನು ಹೀಗೆ ಒಬ್ಬನೇ ಬಾ ಎಂದು ಕರೆದಿದ್ದಾರೋ. ಕಾರಿನ ಹಿಂದೆ, ಮೆಟ್ಟಿಲ ಕೆಳಗೆ, ಹೋಟೆಲಿನ ಮೂಲೆಯಲ್ಲಿ. ಹೋದರೆ ಒಂದು ಲಕೋಟೆ ಇರುತ್ತದೆ. ನಾನು ಒಂದನ್ನೂ ಮುಟ್ಟಿದವನಲ್ಲ. ಆ ಅಹಂಕಾರವೊಂದೇ ನನ್ನ ಆಸ್ತಿ. ಅದನ್ನು ಇವನು, ನನ್ನ ಕಡೆಯವನೆಂದು ಹಲ್ಲು ಬಿಟ್ಟುಕೊಂಡು ಬಂದವನು, ಇಷ್ಟು ಜನರ ಮುಂದೆ ಕೊಳ್ಳಲು ನೋಡುತ್ತಿದ್ದಾನೆ ಅನಿಸಿತು. ಮೈಯೆಲ್ಲ ಉರಿದುಹೋಯಿತು.

ಹೊಡೆದೆ. ಅಂಗೈ ಪೂರ್ತಿ ಅವನ ಎಡಗಿವಿಯ ಮೇಲೆ ಬಿತ್ತು. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂಥ ಸದ್ದು. ಅವನು ಬೀಳಲಿಲ್ಲ, ಎಡಗಿವಿ ಮುಚ್ಚಿಕೊಂಡು ಒಂದು ಸುತ್ತು ತಿರುಗಿದ, ಎತ್ತ ಕಡೆ ನಿಂತಿದ್ದೇನೆಂದು ತಿಳಿಯದವನ ಹಾಗೆ. ಬೆರಳ ಸಂದಿಯಿಂದ ರಕ್ತ ಇಳಿಯಿತು.

ಸಾಹೇಬ ಹೊಡೆದ ಎಂದರೆ ಉಳಿದವರಿಗೆ ಬಾಗಿಲು ತೆರೆದಂತೆ. ಕಾವಲುಗಾರರಿಬ್ಬರೂ ದೊಣ್ಣೆ ಎತ್ತಿದರು. ಮೊದಲನೆಯದು ಬೆನ್ನಿಗೆ. ಎರಡನೆಯದು ಮೊಣಕಾಲ ಹಿಂದೆ, ಕುಸಿದ. ಮೂರು, ನಾಲ್ಕು, ಭುಜಕ್ಕೆ. ಐದಕ್ಕೆ ಅವನು ಕೈ ಅಡ್ಡ ತಂದ, ಆರು ಆ ಕೈಗೆ. ಏಳು, ಎಂಟು. ಒಂಬತ್ತಕ್ಕೆ ಬಾಯಿಂದ ಸದ್ದು ಬಂತು, ಅಲ್ಲಿಯವರೆಗೆ ಬಂದಿರಲಿಲ್ಲ. ಹತ್ತು. ಹನ್ನೊಂದು.

ಹೌದು, ಎಣಿಸುತ್ತಿದ್ದೆ. ‘ನಿಲ್ಲಿಸಿ’ ಎಂದು ನಾನು ಒಂದು ಮಾತು ಹೇಳಿದ್ದರೆ ಅವರು ಎರಡನೆಯದಕ್ಕೇ ನಿಲ್ಲಿಸುತ್ತಿದ್ದರು. ನಾನು ಹೇಳಲಿಲ್ಲ. ಅಪ್ಪ ಕಲಿಸಿದ್ದು ಎಣಿಸುವುದನ್ನು.

ಹನ್ನೆರಡನೆಯದು ಬೀಳಲಿಲ್ಲ. ಜನರನ್ನು ಸೀಳಿಕೊಂಡು ಒಬ್ಬ ಹೆಂಗಸು ಬಂದಳು. ಗಾರೆ ಹೊರುವ ಕಬ್ಬಿಣದ ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಕಾವಲುಗಾರನ ಮುಖಕ್ಕೆ ಬೀಸಿದಳು. ಅವನ ಮೂಗು ಒಡೆಯಿತು. ಇನ್ನೊಬ್ಬನ ಕಡೆ ತಿರುಗಿದಾಗ ಅವನು ದೊಣ್ಣೆ ಬಿಟ್ಟು ಹಿಂದೆ ಸರಿದ. ಅವಳು ಮುಕಾದಮ್‌ನ ಹೆಂಡತಿ. ನಾನು ಅವಳನ್ನು ನೂರು ಸಲ ನೋಡಿದ್ದೆ, ಕೂಲಿಯ ಪಟ್ಟಿಯಲ್ಲಿ ಒಂದು ಸಾಲಾಗಿ.

ಗಂಡನ ಕಿವಿ ನೋಡಿದಳು. ಆಮೇಲೆ ನನ್ನನ್ನು.

“ಚೀಲ ಬೇಕಲ್ಲೊ ನಿನಗ? ಬಾ. ನೀ ಬಾ.”

ಸೈಟಿನಲ್ಲಿ ನನಗೆ ಏಕವಚನದಲ್ಲಿ ಮಾತಾಡಿದವರು ಯಾರೂ ಇರಲಿಲ್ಲ. ಅವಳು ತಿರುಗಿಯೂ ನೋಡದೆ ಹೊರಟಳು. ನಾನು ಹಿಂದೆ ಹೋದೆ, ಎಲ್ಲರೂ ಬಂದರು. ಬಿಡಾರದ ಹಿಂದೆ, ಟಿಪ್ಪರ್‌ಗಳು ಓಡಾಡುವ ದಾರಿಯ ಪಕ್ಕದಲ್ಲಿ, ನೀರಿನ ಡ್ರಮ್ಮಿನ ಸುತ್ತ ನಾಲ್ಕು ಬಿದಿರು ನೆಟ್ಟು ಬಿಳಿಯ ಪರದೆ ಕಟ್ಟಿದ್ದರು. “ಯಾರರೆ ಒಳಗಿದ್ರ ಹೊರಗ ಬರ್ರೆ” ಎಂದು ಕೂಗಿದಳು. ಒಬ್ಬ ಹುಡುಗಿ ಒದ್ದೆ ಸೀರೆ ಸುತ್ತಿಕೊಂಡು, ಅಷ್ಟು ಗಂಡಸರನ್ನು ಕಂಡು ಮುಖ ಮುಚ್ಚಿಕೊಂಡು ಓಡಿದಳು. ಇವಳು ಪರದೆಗೆ ಕೈ ಹಾಕಿ ಹರಿದಳು. ಬಿದಿರು ಮುರಿದು ಬಿತ್ತು. ಇಡೀ ಪರದೆಯನ್ನು ಎಳೆದು ತಂದು ನನ್ನ ಕಾಲ ಮೇಲೆ ಒಗೆದಳು. ಸಾಬೂನಿನ ನೀರು ನನ್ನ ಬೂಟಿನ ಮೇಲೆ ಹರಿಯಿತು.

ಖಾಲಿ ಸಿಮೆಂಟ್ ಚೀಲಗಳು. ಸೀಳಿ ಅಗಲ ಮಾಡಿ, ಒಂದಕ್ಕೊಂದು ದಾರ ಹಾಕಿ ಹೊಲಿದಿದ್ದರು. ಸಣ್ಣ ಹೊಲಿಗೆ, ಮನೆಯಲ್ಲಿ ಕೌದಿ ಹೊಲಿಯುವಂಥದ್ದು.

“ಎಣಸು” ಅಂದಳು.

ನಾನು ಎಣಿಸಲಿಲ್ಲ. ಅವಳೇ ಕೂತು ಎಣಿಸಿದಳು, ಪ್ರತಿ ಚೀಲದ ಮೇಲೂ ಅಂಗೈಯಿಂದ ಬಡಿಯುತ್ತಾ. ಒಂದು. ಎರಡು. ಮೂರು. ಕೊನೆಗೆ ಎಷ್ಟಾಗುತ್ತದೆಂದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಮೊದಲೇ ಗೊತ್ತಿತ್ತು.

“ನಲ್ವತ್ತೆರಡು” ಅಂದಳು. “ಒಂದ ಪದರಾದ್ರ ಬಿಸಿಲಿಗೆ ಮೈ ಕಾಣತೈತಿ ಅಂತ ಎಲ್ಲಾ ಎರಡೆರಡು ಪದರ ಹೊಲ್ದೇವು. ಇಲ್ಲಂದ್ರ ಇದರ ಅರ್ಧದಷ್ಟ ಚೀಲ ಸಾಕಿತ್ತು. ಯಾರಿಗೆ ಕಾಣಬಾರ್ದಂತ ಹೊಲ್ದೇವು, ಕೇಳು ಇವರನ್ನ.” ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದ ಕಾವಲುಗಾರನಿಗೆ ಬೆರಳು ತೋರಿಸಿದಳು. “ದಿನಾ ಮುಂಜಾನೆ ಟಾರ್ಚ್ ಹಿಡ್ಕೊಂಡ ಬರ್ತಿದ್ರು, ಕಾವಲಿಗಂತ. ಇವರ ಮುಂದ ಹೇಳಿದ್ರ ನೀ ಇವರನ್ನ ಕಳಸ್ತಿದ್ದಿ, ಪರದೆ ಕಿತ್ತ ತರಾಕ. ಅದಕ್ಕ, ಕೇಳಿದ್ರ ಸಾಹೇಬ್ರೊಬ್ಬರನ್ನ ಕರದ ತೋರಸ್ತೀನಿ ಅಂತಿದ್ದ ಅಂವಾ.”

ನನಗೆ ಆಗ ಏನನಿಸಿತು ಎಂದು ಬರೆಯಬೇಕಲ್ಲ. ನಾಚಿಕೆ ಅಂದರೆ ಸಣ್ಣ ಮಾತಾಗುತ್ತದೆ. ಯಾರಾದರೂ ಆ ಬುಟ್ಟಿ ಎತ್ತಿ ನನ್ನ ಮುಖಕ್ಕೂ ಬೀಸಲಿ ಅನಿಸಿತು. ಯಾರೂ ಬೀಸಲಿಲ್ಲ. ನಾನು ಸಾಹೇಬನಲ್ಲವೇ.

ಕಂಪನಿಯ ಜೀಪಿನಲ್ಲಿ ಅವನನ್ನು ಸಂಭಾಜಿನಗರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೆಂಡತಿ ಅವನ ತಲೆಯನ್ನು ಹೆಗಲಿಗೆ ಒತ್ತಿ ಹಿಡಿದಿದ್ದಳು. ಬಿಡಕಿನ್ ದಾಟಿ ಬಹಳ ಹೊತ್ತಾದ ಮೇಲೆ ಅವನೇ ಬಾಯಿ ತೆರೆದ. ದವಡೆ ಊದಿತ್ತು, ಮಾತು ತೊದಲುತ್ತಿತ್ತು.

“ಸಿಮೆಂಟ್ ಯಾರೂ ಒಯ್ದಿಲ್ರಿ ಸಾಹೇಬ್ರ. ಗ್ವಾಡಿ ಸೊಟ್ಟ ಅದಾವು. ಸೊಟ್ಟ ಮುಚ್ಚಾಕ ಗಿಲಾವು ದಪ್ಪ ಹೊಡೀಬೇಕಾಗತೈತಿ. ಎಲ್ಲಾ ಗ್ವಾಡ್ಯಾಗ ಐತ್ರಿ. ಒಂದು ಮೊಳಿ ಬಡದ ನೋಡ್ರಿ.”

ಅವನಿಗೆ ರಕ್ತ ಸುರಿಯುತ್ತಿತ್ತು, ಅವನು ನನ್ನ ಲೆಕ್ಕ ಸರಿಮಾಡುತ್ತಿದ್ದ.

ಕಿವಿಯ ತಮಟೆ ಹರಿದಿದೆ, ಒಳಗೂ ಪೆಟ್ಟಾಗಿದೆ, ಎಡಗಿವಿ ಇನ್ನು ಕೇಳುವುದು ಕಷ್ಟ ಎಂದರು ಡಾಕ್ಟರು. ಕೈಯ ಎಲುಬು ಸೀಳಿತ್ತು. ಹೇಗಾಯಿತು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವನು ಮರಾಠಿಯಲ್ಲಿ, ಪರಾಂಚಿಯ ಮೇಲಿಂದ ಬಿದ್ದೆ ಅಂದ. ಗೋಡೆ ಕೆಲಸಕ್ಕೆ ಕಟ್ಟುವ ಅಟ್ಟಣಿಗೆಗೆ ನಮ್ಮಲ್ಲಿ ಪರಾಂಚಿ ಎನ್ನುತ್ತಾರೆ. ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹೌದೆಂದು ತಲೆಯಾಡಿಸಿದೆ. ಪೊಲೀಸರಿಗೆ ಹೋಗಬೇಕಾದ ಮಾತು ಅಲ್ಲಿಗೇ ಸತ್ತಿತು. ಅವನು ಸುಳ್ಳು ಹೇಳಿದ್ದು ನನಗಾಗಿ ಅಲ್ಲ, ಮೂವತ್ತು ಜನರ ಕೆಲಸ ಉಳಿಯಲಿ ಎಂದು. ಅದು ನನಗೆ ಗೊತ್ತಿತ್ತು. ತಲೆಯಾಡಿಸಿದ್ದು ಮಾತ್ರ ನನಗಾಗಿಯೇ.

ಮಧ್ಯಾಹ್ನ ಸೈಟಿಗೆ ವಾಪಸಾದೆ. ಬಡಗಿಯ ಕೈಯಿಂದ ಸುತ್ತಿಗೆ ಕಿತ್ತುಕೊಂಡು, ಹಿಡಿ ತುಂಬ ಮೊಳೆ ತೆಗೆದುಕೊಂಡು ಗೋಡೆಗಳ ಮುಂದೆ ನಡೆದೆ. ಮೊದಲ ಮೊಳೆ ಹೊಡೆದೆ. ಅಂದಾಜಿನಲ್ಲಿ ನಾನು ಹಿಡಿದದ್ದು ಒಂದು ಬೆರಳಿನ ದಪ್ಪ. ಮೊಳೆ ಎರಡು ಬೆರಳು ಒಳಹೋದ ಮೇಲೆ ಇಟ್ಟಿಗೆಗೆ ತಾಗಿತು. ಎರಡನೆಯ ಮೊಳೆ. ಅಲ್ಲಿಯೂ ಅಷ್ಟೇ. ಆಮೇಲೆ ಮೊಳೆ ಬಿಟ್ಟು ಸುತ್ತಿಗೆಯಿಂದಲೇ ಹೊಡೆಯತೊಡಗಿದೆ. ಗಾರೆ ಚಕ್ಕೆ ಚಕ್ಕೆಯಾಗಿ ಉದುರಿತು, ಕಣ್ಣಿಗೆ ಬಿತ್ತು, ಗೆಣ್ಣು ಸುಲಿಯಿತು. ಒಳಗೆ ಗೋಡೆ ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು. ತೂಕದ ಗುಂಡು ಇಳಿಬಿಟ್ಟು ನೋಡದೆ ಕಟ್ಟಿದ ಗೋಡೆ. ಗೋಡೆ ಕಟ್ಟಲು ಮೊದಲಿದ್ದ ಗವಂಡಿಗಳು ದರ ಹೆಚ್ಚು ಕೇಳುತ್ತಾರೆಂದು ಅವರನ್ನು ಬಿಡಿಸಿ ಅಗ್ಗದ ತಂಡ ತರಿಸಿದವನು ನಾನೇ. ಅಲ್ಲಿ ಉಳಿಸಿದ್ದಕ್ಕೆ ಎರಡರಷ್ಟು ಇಲ್ಲಿ ಸಿಮೆಂಟ್ ನುಂಗಿತ್ತು. ಮುನ್ನೂರು ಚೀಲವೂ ನನ್ನ ಕಣ್ಣ ಮುಂದೆ, ಗೋಡೆಗೆ ಅಂಟಿಕೊಂಡಿತ್ತು. ಒಂದು ಮೊಳೆ ಹೊಡೆದಿದ್ದರೆ ತಿಳಿಯುತ್ತಿತ್ತು. ನಾನು ಮನುಷ್ಯನಿಗೆ ಹೊಡೆದೆ.

ಮುಖ್ಯಸ್ಥನಿಗೆ ಎಲ್ಲವನ್ನೂ ಹೇಳಿದೆ. ಅವನು ಈ ಸಲ ಏನನ್ನೂ ಎಸೆಯಲಿಲ್ಲ. ಕಾರಣ ಸಿಕ್ಕಿತಲ್ಲ, ಮೇಲಿನವರಿಗೆ ತೋರಿಸಬಹುದು. ಹೆಂಗಸರ ಸ್ನಾನದ ಕೋಣೆಯ ಸಾಲನ್ನು ಮತ್ತೆ ಬರೆದು ಮುಂದಿಟ್ಟೆ, ಸಹಿ ಹಾಕಿದ. ಮರುದಿನ ತಗಡು ಬಂತು. ಕಾವಲುಗಾರರಿಬ್ಬರನ್ನೂ ಬದಲಿಸಿದರು. ಆಸ್ಪತ್ರೆಯ ಬಿಲ್ಲನ್ನು ಯಾವ ಲೆಕ್ಕಕ್ಕೆ ಹಾಕಲಿ ಎಂದು ಕೇಳಿದೆ.

“ವೇಸ್ಟೇಜ್‌ಮಧ್ಯೇ ಟಾಕಾ” ಅಂದ. ವೇಸ್ಟೇಜಿಗೆ ಹಾಕಿ. ಒಡೆದ ಇಟ್ಟಿಗೆ, ನೆನೆದು ಗಟ್ಟಿಯಾದ ಸಿಮೆಂಟ್, ತುಂಡು ಕಬ್ಬಿಣ ಇವನ್ನೆಲ್ಲ ಬರೆಯುವ ಕಡೆ. ಬರೆದೆ.

ನಾಲ್ಕನೆಯ ದಿನ ಸುರಕ್ಷತೆಯ ಅಧಿಕಾರಿ ಒಂದು ಕಾಗದ ತಂದ. ಕಿವಿ ಕೇಳದವನನ್ನು ಕ್ರೇನ್ ತಿರುಗುವ ಜಾಗದಲ್ಲಿ ಬಿಡುವಂತಿಲ್ಲ, ಸೀಟಿ ಕೇಳಿಸದೆ ಸತ್ತರೆ ಯಾರು ಹೊಣೆ? ನಿಯಮ ಸರಿಯಾಗಿಯೇ ಇತ್ತು. ತಂಡದವರು ಇರಬಹುದು, ಮುಕಾದಮ್ ಹೋಗಬೇಕು. ಅದಕ್ಕೆ ನಾನೂ ಸಹಿ ಹಾಕಬೇಕಿತ್ತು. ಆ ಕಾಗದವನ್ನು ಒಂದು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಮುಖ್ಯಸ್ಥನ ಬಳಿ ಹೋಗಿ, ಅವನನ್ನು ಸ್ಟೋರಿನಲ್ಲಾದರೂ ಇಟ್ಟುಕೊಳ್ಳೋಣ ಎಂದೆ. “ಬಜೆಟ್‌ಮಧ್ಯೇ ಜಾಗಾ ಆಹೇ ಕಾ?” ಎಂದು ಕೇಳಿದ. ಬಜೆಟ್‌ನಲ್ಲಿ ಜಾಗ ಇದೆಯೇ ಇಲ್ಲವೇ ಎಂದು ಹೇಳಬೇಕಾದವನು ನಾನು. ಇರಲಿಲ್ಲ. ಸಹಿ ಹಾಕಿದೆ.

ಗಂಡ ಹೆಂಡತಿ ಊರಿಗೆ ಹೊರಡುವ ಮುಂಜಾನೆ ಸ್ಟೋರಿನವನು ಕರೆದು ತೋರಿಸಿದ. ಬಾಗಿಲ ಮುಂದೆ ಖಾಲಿ ಚೀಲಗಳ ಒಂದು ಕಟ್ಟು. ಆ ಹೆಂಗಸು ಪರದೆಯ ಹೊಲಿಗೆಯನ್ನೆಲ್ಲ ಬಿಚ್ಚಿ, ಚೀಲಗಳನ್ನು ತೊಳೆದು ಒಣಗಿಸಿ, ಮಡಚಿ ತಂದಿಟ್ಟಿದ್ದಳು. “ನಲ್ವತ್ತೆರಡ ಅದಾವ, ಎಣಿಸ್ಕೋರಿ” ಎಂದು ಹೇಳಿ ಹೋಗಿದ್ದಳಂತೆ. ಸ್ಟೋರಿನವನು ಪುಸ್ತಕದಲ್ಲಿ ಜಮಾ ಮಾಡಿಕೊಂಡಿದ್ದ. ಆ ತಿಂಗಳ ನನ್ನ ವರದಿಯಲ್ಲಿ ಖಾಲಿ ಚೀಲದ ವ್ಯತ್ಯಾಸ ಸೊನ್ನೆ.

ಸಂಭಾಜಿನಗರದ ಬಸ್ ನಿಲ್ದಾಣಕ್ಕೆ ನಾನೇ ಜೀಪಿನಲ್ಲಿ ಬಿಟ್ಟುಬಂದೆ. ಸೋಲಾಪುರದ ಬಸ್ಸಿಗೆ ಹೊತ್ತಿತ್ತು. ಪಕ್ಕದಲ್ಲಿ ಕುಂದಾಪುರದ ಕಡೆಯವರ ಹೋಟೆಲು, ನಾನು ದಿನಾ ತಿಂಡಿ ತಿನ್ನುವ ಜಾಗ. ಅವನಿಗೆ ಅಗಿಯಲು ಆಗುತ್ತಿರಲಿಲ್ಲ. ಇಡ್ಲಿಯನ್ನು ಸಾಂಬಾರಿನಲ್ಲಿ ನೆನೆಸಿ ನೆನೆಸಿ ನುಂಗಿದ. ಹೆಂಡತಿ ಒಳಗೆ ಬರಲಿಲ್ಲ, ಗಂಟುಗಳ ಪಕ್ಕ ಹೊರಗೇ ಕೂತಳು.

ಹೋಟೆಲಿನ ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಅವನ ಬ್ಯಾಂಡೇಜು ನೋಡಿ ಕೇಳಿದರು: “ಎಂತ ಆಯ್ತು ಮಾರಾಯ್ರೆ, ಇಷ್ಟೆಲ್ಲ ಪೆಟ್ಟು?”

“ಬಿದ್ನಿರಿ” ಅಂದ ಅವನು.

ಅವರು ನನ್ನ ಕಡೆ ನೋಡಿದರು. ನಾನು ನೀರು ಕುಡಿದೆ.

ಬಸ್ಸು ಬಂದು ನಿಂತಿತು. ಅವನು ಎದ್ದು, ಸರಿಯಿರುವ ಕೈಯಿಂದ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದ. ನಾನು ಅವನ ಪಕ್ಕದಲ್ಲೇ ನಡೆದೆ. ನಿಲ್ದಾಣದ ತುಂಬ ಕೂಗಾಟ, ಹಾರ್ನು. ಹೊಡೆದ ದಿನದಿಂದ ಒಂದು ಮಾತನ್ನು ಒಳಗೇ ಇಟ್ಟುಕೊಂಡು ತಿರುಗಿದ್ದೆ. ಅಪ್ಪ ಯಾರಿಗೂ ಹೇಳಿದವರಲ್ಲ, ನಾನು ಹೆಂಡತಿಗೂ ಮಗಳಿಗೂ ಹೇಳಿದವನಲ್ಲ. ಬಸ್ಸಿನ ಮೆಟ್ಟಿಲಿಗೆ ಅವನು ಕಾಲಿಡುವ ಮೊದಲು ಹೇಳಿದೆ.

“ತಪ್ಪಾತು. ನಂದ ತಪ್ಪು. ಕ್ಷಮಾ ಮಾಡ್ರಿ.”

ಅವನು ಮೆಟ್ಟಿಲು ಹತ್ತಿದ. ಹೆಂಡತಿಯ ಕೈಯಿಂದ ಗಂಟು ತೆಗೆದುಕೊಳ್ಳಲು ಹಿಂದೆ ತಿರುಗಿದಾಗ, ನಾನು ಉತ್ತರಕ್ಕೆ ಕಾದು ನಿಂತದ್ದು ಕಂಡಿರಬೇಕು. ಆಗ ಗಮನಿಸಿದೆ, ನಾನು ನಡೆದು ಬಂದದ್ದು ಅವನ ಎಡಗಡೆಗೆ. ಬಲಗಿವಿಯನ್ನು ನನ್ನತ್ತ ಬಾಗಿಸಿ, ಅದೇ ಮೊದಲ ದಿನದ ಮುಖ ಮಾಡಿಕೊಂಡು ಕೇಳಿದ:

“ಏನರೆ ಅಂದ್ರೇನ್ರಿ ಸಾಹೇಬ್ರ?”

ಅವಳು ಕೆಳಗೆ ನಿಂತಿದ್ದಳು. ಅವಳಿಗೆ ಕೇಳಿಸಿತ್ತು. ನಾನು ಇನ್ನೊಮ್ಮೆ ಹೇಳುತ್ತೇನೋ ಇಲ್ಲವೋ ಎಂದು ನನ್ನ ಬಾಯನ್ನೇ ನೋಡುತ್ತಿದ್ದಳು.

“ಏನಿಲ್ಲ” ಅಂದೆ.